ಮನೆ ಉಳಿಯಿತು, ಮನೆಯವರೆಲ್ಲಿ?

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಈಚೆಗೆ ಒಂದು ಮಿಂಚಂಚೆ ಬಂದಿತ್ತು. ಪ್ಯಾಸಡೀನಾ ನಗರದ ಗ್ಯಾಂಬಲ್ ಹೌಸ್ ಎಂಬ ಪ್ರಸಿದ್ಧ ಮರದ ಮನೆಯ ಹತ್ತಾರು ಚಿತ್ರಗಳು, ಕೊನೆಯಲ್ಲಿ ಒಂದೇ ವಾಕ್ಯ: "ಮೇಷ್ಟ್ರೇ, ಹಳೆಯ ಮನೆಯನ್ನು ಉಳಿಸಿಕೊಳ್ಳುವುದು ಇವರ ರಕ್ತದಲ್ಲೇ ಇದೆ, ನಮ್ಮವರಿಗೆ ಅದು ಬರುವುದಿಲ್ಲ."

ಈ ವಾಕ್ಯವನ್ನು ನಾನು ಬೇರೆ ಬೇರೆ ರೂಪಗಳಲ್ಲಿ ಅನೇಕರ ಬಾಯಲ್ಲಿ ಕೇಳಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಶ್ರಾದ್ಧದ ಊಟದ ನಂತರದ ಹರಟೆಯಲ್ಲಿ ಕೇಳಿದ್ದೇನೆ. ಹೇಳುವವರಲ್ಲಿ ಹೆಚ್ಚಿನವರು ತಮ್ಮ ಊರಿನ ಮನೆಯನ್ನು ಮಾರಿ ಬಂದವರು ಅಥವಾ ಮಾರಲು ಹೊರಟವರು ಎಂಬುದು ಬೇರೆ ಮಾತು. ಆದರೆ ವಾಕ್ಯವನ್ನು ವಾಕ್ಯವಾಗಿಯೇ ಪರೀಕ್ಷಿಸೋಣ. ಅದರಲ್ಲಿ ಎರಡು ಸುಳ್ಳುಗಳಿವೆ. ಉಳಿಸಿಕೊಳ್ಳುವುದು ರಕ್ತದ ಗುಣ ಎಂಬುದು ಮೊದಲನೆಯದು. ಗೋಡೆ, ಸೂರು, ಗಾಜು ಉಳಿದರೆ ಮನೆ ಉಳಿದಂತೆ ಎಂಬುದು ಎರಡನೆಯದು. ಈ ಎರಡನ್ನೂ ವಿರೋಧಿಸಲೆಂದೇ ಈ ಬರಹ.

ಮೊದಲಿಗೆ ಮನೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ ಆ ಮನೆಯನ್ನು ನಾನೂ ನೋಡಿ ಬಂದಿದ್ದೇನೆ. 1908ರಲ್ಲಿ ಕಟ್ಟಲು ಆರಂಭಿಸಿ 1909ರಲ್ಲಿ ಮುಗಿಸಿದ ಮನೆ ಅದು. ವಿನ್ಯಾಸ ಮಾಡಿದವರು ಚಾರ್ಲ್ಸ್ ಸಮ್ನರ್ ಗ್ರೀನ್ ಮತ್ತು ಹೆನ್ರಿ ಮ್ಯಾಥರ್ ಗ್ರೀನ್ ಎಂಬ ಅಣ್ಣತಮ್ಮಂದಿರು. ಮನೆಯ ಒಡೆಯ ಡೇವಿಡ್ ಬೆರಿ ಗ್ಯಾಂಬಲ್. ಇಂದು ನಮ್ಮ ಮನೆಗಳಿಗೂ ಏರಿಯಲ್, ಟೈಡ್ ಪುಡಿಗಳನ್ನು ಕಳುಹಿಸುತ್ತಿರುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರ ಮಗ ಈತ. ಸಾಬೂನಿನ ದುಡ್ಡು ಮರವಾಗಿ, ಗಾಜಾಗಿ, ಕಲ್ಲಾಗಿ ನಿಂತಿದೆ.

ಆ ಮನೆಯ ಮುಂದೆ ನಿಂತಾಗ ಮೊದಲು ಕಾಣುವುದು ಗೋಡೆಯಲ್ಲ, ಸೂರು. ಅಗಲವಾಗಿ ಹೊರಚಾಚಿದ ಮಾಡು, ಅದರ ಅಂಚನ್ನೂ ದಾಟಿ ಬಿಸಿಲಿಗೆ ಬಂದಿರುವ ಪಕಾಸಿಗಳ ತುದಿಗಳು. ಹೊರಗೋಡೆಗೆ ರೆಡ್‌ವುಡ್ ಮರದ ಸೀಳುಹಲಗೆಗಳು. ಮೇಲಂತಸ್ತಿನ ಮಲಗುವ ಕೋಣೆಗಳಿಗೆ ಅಂಟಿಕೊಂಡು, ರಾತ್ರಿ ಗಾಳಿಯಲ್ಲಿ ಮಲಗಲೆಂದೇ ಮಾಡಿದ ತೆರೆದ ಜಗಲಿಗಳು. ಮುಂಬಾಗಿಲು ತೇಗದ ಮರದ್ದು. ಮೂರು ಭಾಗಗಳಲ್ಲಿ ಹರಡಿಕೊಂಡ ಅದರ ಗಾಜಿನಲ್ಲಿ ಒಂದು ಓಕ್ ಮರ ಕೊಂಬೆ ಚಾಚಿ ನಿಂತಿದೆ. ಆ ಗಾಜಿನ ಕೆಲಸ ಎಮಿಲ್ ಲ್ಯಾಂಗ್ ಎಂಬ ಕುಶಲಕರ್ಮಿಯದು. ಒಳಗೆ ನಿಂತು ಆ ಬಾಗಿಲನ್ನು ನೋಡಿದರೆ ಹೊರಗಿನ ಬೆಳಕೇ ಮರವಾಗಿ ಒಳಬಂದಂತೆ ಕಾಣುತ್ತದೆ. ಒಳಗಿನ ಮರಗೆಲಸದಲ್ಲಿ ಮೂಲೆಗಳನ್ನೆಲ್ಲ ಕೈಯಿಂದ ಸವರಿದಂತೆ ದುಂಡಗೆ ಮಾಡಿದ್ದಾರೆ. ಒಂದು ತುಂಡು ಇನ್ನೊಂದನ್ನು ಕಚ್ಚಿಕೊಂಡ ಜಾಗವನ್ನು ಮುಚ್ಚಿಡದೆ, ಇಲ್ಲಿ ನೋಡು ಎಂಬಂತೆ ಗೂಟ, ಬೆಣೆಗಳ ಸಮೇತ ತೋರಿಸಿದ್ದಾರೆ. ನಮ್ಮ ಬಡಗಿಗಳಾದರೆ ಇದನ್ನು ಅರೆನಿಮಿಷದಲ್ಲಿ ಅರ್ಥಮಾಡಿಕೊಂಡಾರು. ಕೀಲನ್ನು ಮರೆಮಾಡುವುದು ದುರ್ಬಲ ಕೆಲಸದ ಲಕ್ಷಣ. ಕೀಲನ್ನು ತೋರಿಸುವ ಧೈರ್ಯ ಗಟ್ಟಿ ಕೆಲಸಕ್ಕೆ ಮಾತ್ರ ಇರುತ್ತದೆ.

ಕ್ರಾಫ್ಟ್ಸ್‌ಮನ್ ಶೈಲಿ ಎನ್ನುವುದರ ಸಾರ ಇದೇ. ಯಂತ್ರ ಒತ್ತಿ ಬಿಸಾಡಿದ ಅಲಂಕಾರ ಬೇಡ. ವಸ್ತು ಯಾವುದೋ ಅದಾಗಿಯೇ ಕಾಣಲಿ. ಕೆಲಸಗಾರನ ಕೈ ಕಾಣಲಿ. ಇಂಗ್ಲೆಂಡಿನ ಜಾನ್ ರಸ್ಕಿನ್, ವಿಲಿಯಂ ಮಾರಿಸ್ ಅವರ ವಿಚಾರಗಳನ್ನು ಅಮೆರಿಕದ ಮಧ್ಯಮವರ್ಗದ ಮನೆಬಾಗಿಲಿಗೆ ತಂದವನು ಗುಸ್ತಾವ್ ಸ್ಟಿಕ್ಲಿ. ಅವನು 1901ರಿಂದ 1916ರವರೆಗೆ ನಡೆಸಿದ "ದಿ ಕ್ರಾಫ್ಟ್ಸ್‌ಮನ್" ಎಂಬ ಪತ್ರಿಕೆಯಿಂದಲೇ ಈ ಶೈಲಿಗೆ ಈ ಹೆಸರು. ಮೊದಲ ಸಂಚಿಕೆ ಮಾರಿಸ್‌ಗೆ, ಎರಡನೆಯದು ರಸ್ಕಿನ್‌ಗೆ ಮೀಸಲಾಗಿತ್ತು.

ಒಬ್ಬ ಶಿಕ್ಷಕನಾಗಿ ನನಗೆ ಹಿಡಿಸಿದ ಸಂಗತಿ ಮತ್ತೊಂದಿದೆ. ಗ್ರೀನ್ ಸೋದರರು ಹುಡುಗರಾಗಿದ್ದಾಗ ಓದಿದ್ದು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ ಕೈಕೆಲಸದ ಶಾಲೆಯಲ್ಲಿ. ಅಲ್ಲಿ ಗಣಿತ, ಭಾಷೆಗಳ ಜೊತೆಗೆ ಮರಗೆಲಸ, ಕಮ್ಮಾರಿಕೆಗಳೂ ಪಾಠಗಳೇ ಆಗಿದ್ದವು. ಎಂ.ಐ.ಟಿ.ಯಲ್ಲಿ ವಾಸ್ತುಶಿಲ್ಪ ಕಲಿತದ್ದು ಆಮೇಲೆ. 1893ರಲ್ಲಿ ಪ್ಯಾಸಡೀನಾಕ್ಕೆ ಹೊರಟಾಗ ದಾರಿಯಲ್ಲಿ ಷಿಕಾಗೋ ಜಾಗತಿಕ ಮೇಳವನ್ನು ನೋಡಿದರು. ನಮಗೆಲ್ಲ ಸ್ವಾಮಿ ವಿವೇಕಾನಂದರ ಭಾಷಣದಿಂದ ಪರಿಚಿತವಾದ ವರ್ಷ, ಅದೇ ಷಿಕಾಗೋ. ಆ ಮೇಳದಲ್ಲಿ ಜಪಾನಿ ಬಡಗಿಗಳು ಕಟ್ಟಿದ್ದ ಮರದ ಮಂಟಪ ಈ ಸೋದರರ ಕಣ್ಣಿಗೆ ಬಿತ್ತು. ಗ್ಯಾಂಬಲ್ ಮನೆಯ ಸೂರು, ತೊಲೆ, ದೀಪ ಎಲ್ಲದರಲ್ಲೂ ಜಪಾನ್ ಇದೆ. ಆ ಜಪಾನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಮೊದಲ ಸುಳ್ಳಿಗೆ ಬರುತ್ತೇನೆ. ಉಳಿಸಿಕೊಳ್ಳುವುದು ಇವರ ರಕ್ತದಲ್ಲಿತ್ತೇ?

ಡೇವಿಡ್ ಗ್ಯಾಂಬಲ್ 1923ರಲ್ಲಿಯೂ ಪತ್ನಿ ಮೇರಿ 1929ರಲ್ಲಿಯೂ ತೀರಿಕೊಂಡರು. ಮೇರಿಯ ತಂಗಿ ಜೂಲಿಯಾ 1943ರವರೆಗೆ ಅಲ್ಲಿಯೇ ಇದ್ದರು. ನಂತರ ಮಗ ಸೆಸಿಲ್ ಮತ್ತು ಸೊಸೆ ಲೂಯಿಸ್ ಆ ಮನೆಯಲ್ಲಿ ಸಂಸಾರ ಹೂಡಿದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಕಂದು ಮರದ ಒಳಾಂಗಣ ಎಂದರೆ ಕತ್ತಲು, ಹಳತು, ಮುತ್ತಾತನ ಮನೆ ಎಂಬ ತಾತ್ಸಾರ ಬೆಳೆದಿತ್ತು. ಮನೆಯನ್ನು ಮಾರುವ ಯೋಚನೆ ದಂಪತಿಗಳಿಗೂ ಬಂದಿತ್ತಂತೆ. ಕೊಳ್ಳಲು ಬಂದವರು, ಈ ಮರಕ್ಕೆಲ್ಲ ಬಿಳಿ ಬಣ್ಣ ಬಳಿದುಬಿಡೋಣ ಎಂದು ಮಾತಾಡಿಕೊಂಡದ್ದು ಕಿವಿಗೆ ಬಿದ್ದು ಅವರು ಮಾರಾಟವನ್ನೇ ಕೈಬಿಟ್ಟರು ಎಂಬ ಕಥೆಯನ್ನು ಆ ಮನೆಯವರೇ ಹೇಳಿಕೊಂಡು ಬಂದಿದ್ದಾರೆ. 1966ರಲ್ಲಿ ಕುಟುಂಬವು ಆ ಮನೆಯನ್ನು ಪ್ಯಾಸಡೀನಾ ನಗರಕ್ಕೆ ಒಪ್ಪಿಸಿತು. ನಿರ್ವಹಣೆಯಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕೈಜೋಡಿಸಿತು. 1977ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮನ್ನಣೆ ದೊರೆಯಿತು. ಅಂದರೆ ಒಂದು ಡಬ್ಬ ಬಿಳಿ ಬಣ್ಣದ ಅಂತರದಲ್ಲಿ ಉಳಿದ ಮನೆ ಇದು. ಅದನ್ನು ಉಳಿಸಿದ್ದು ಒಂದು ಜನಾಂಗದ ರಕ್ತವಲ್ಲ, ಇಬ್ಬರು ವೃದ್ಧರ ಹಟ.

ಅದೇ ಸೋದರರು 1907ರಲ್ಲಿ ಅದೇ ಪ್ಯಾಸಡೀನಾದಲ್ಲಿ ವಿನ್ಯಾಸ ಮಾಡಿದ ಬ್ಲ್ಯಾಕರ್ ಹೌಸ್‌ನ ಕಥೆಯನ್ನು ನನ್ನ ಶಿಷ್ಯ ಬರೆಯಲಿಲ್ಲ. ಬ್ಲ್ಯಾಕರ್ ಮನೆ ಗ್ಯಾಂಬಲ್ ಮನೆಗಿಂತಲೂ ದೊಡ್ಡದು. 1985ರಲ್ಲಿ ಟೆಕ್ಸಸ್‌ನ ಒಬ್ಬ ಶ್ರೀಮಂತರು ಅದನ್ನು ಕೊಂಡರು. ಕೊಂಡದ್ದೇ ತಡ, ಆ ಮನೆಗೆಂದೇ ಮಾಡಿದ್ದ ದೀಪಗಳನ್ನೂ ಬಣ್ಣದ ಗಾಜಿನ ಫಲಕಗಳನ್ನೂ ಕಳಚಿಸಿ ಸಾಗಿಸಿ ಮಾರಿಸಿದರು. ಬಿಡಿ ಬಿಡಿಯಾಗಿ ಮಾರಿದರೆ ಇಡೀ ಮನೆಗಿಂತ ಹೆಚ್ಚು ಬೆಲೆ ಬರುವ ಕಾಲ ಬಂದಿತ್ತು. ತಡೆಯುವುದಕ್ಕೆ ಊರಿನವರ ಕೈಯಲ್ಲಿ ಯಾವ ಕಾನೂನೂ ಇರಲಿಲ್ಲ. ಊರು ಕೆರಳಿತು, ಪತ್ರಿಕೆಗಳು ಬರೆದವು, ಆಮೇಲೆಯೇ ನಗರಸಭೆ ಗ್ರೀನ್ ಸೋದರರ ಮನೆಗಳಿಂದ ಇಂಥ ವಸ್ತುಗಳನ್ನು ಹೇಳದೆ ಕೇಳದೆ ಕಿತ್ತೊಯ್ಯದಂತೆ ನಿಯಮ ಮಾಡಿದ್ದು. 1994ರಲ್ಲಿ ಆ ಮನೆಯನ್ನು ಕೊಂಡ ಇನ್ನೊಬ್ಬರು ಕುಶಲಕರ್ಮಿಗಳನ್ನು ಹಚ್ಚಿ, ಕಳೆದುಹೋದ ದೀಪಗಳ ಪ್ರತಿರೂಪಗಳನ್ನು ಮಾಡಿಸಿ, ಮನೆಗೆ ಮತ್ತೆ ಜೀವ ತಂದರು.

ಈಗ ಹೇಳಿ, ಕಿತ್ತು ಮಾರಿದವರದು ಯಾವ ರಕ್ತ, ಮತ್ತೆ ಕಟ್ಟಿದವರದು ಯಾವ ರಕ್ತ? ಎರಡೂ ಅದೇ ದೇಶದ್ದಲ್ಲವೇ? ಮನೆ ಉಳಿಯುವುದು ಯಾರಾದರೊಬ್ಬರು ಹಟ ಹಿಡಿದಾಗ, ಊರು ದನಿ ಎತ್ತಿದಾಗ, ಆ ದನಿ ಕಾನೂನಾಗಿ ಕಾಗದದ ಮೇಲೆ ಇಳಿದಾಗ. ಇದರಲ್ಲಿ ನಮಗೆ ಬಾರದಿರುವ ವಿದ್ಯೆ ಯಾವುದು? ರಕ್ತದ ಮಾತು ವಿವರಣೆಯಲ್ಲ, ನೆಪ. ನಮ್ಮವರಿಗೆ ಬರುವುದಿಲ್ಲ ಎಂದುಬಿಟ್ಟರೆ ನಾನು ಏನೂ ಮಾಡಬೇಕಾದ್ದಿಲ್ಲ ಎಂಬ ನಿಶ್ಚಿಂತೆ ಅದರೊಳಗೆ ಅಡಗಿದೆ.

ಎರಡನೆಯ ಸುಳ್ಳು ಇದಕ್ಕಿಂತ ಆಳವಾದದ್ದು. ಅದನ್ನು ಬಿಡಿಸಲು ಒಂದು ಪದದಿಂದ ಆರಂಭಿಸಬೇಕು.

ಗ್ರೀನ್ ಸೋದರರ ಇಂಥ ದೊಡ್ಡ ಮನೆಗಳನ್ನು ವಾಸ್ತುಶಿಲ್ಪದ ಪುಸ್ತಕಗಳು ಬಂಗಲೆಗಳ ಪರಾಕಾಷ್ಠೆ ಎಂದು ಕರೆಯುತ್ತವೆ. ಬಂಗಲೆ ಎಂಬುದು ನಮ್ಮ ನಾಡಿನ ಕಡೆಯಿಂದ ಹೋದ ಪದ. ಬಂಗಾಳದ ಗುಡಿಸಲಿನ ಮಾದರಿ, ತಗ್ಗಾದ ಮಾಡು, ಸುತ್ತ ವೆರಾಂಡ. ಅದನ್ನು ಈಸ್ಟ್ ಇಂಡಿಯಾ ಕಂಪನಿಯವರು ತಮಗೆ ಬೇಕಾದಂತೆ ಹಿಗ್ಗಿಸಿಕೊಂಡರು. ಕನ್ನಡದಲ್ಲಿ ಬಂಗಲೆ ಎಂದೊಡನೆ ನಮಗೆ ದೊರೆಗಳು, ಸಾಹೇಬರು, ಗೇಟು, ಜವಾನ ನೆನಪಾಗುತ್ತಾರೆ. ಅಮೆರಿಕಕ್ಕೆ ಹೋದ ಅದೇ ಪದ ಅಲ್ಲಿ ಸಣ್ಣದಾಯಿತು. ಗುಮಾಸ್ತನೂ ಬಡಗಿಯೂ ಕಟ್ಟಿಕೊಳ್ಳಬಲ್ಲ ಒಂದು, ಒಂದೂವರೆ ಅಂತಸ್ತಿನ ಮನೆಯ ಹೆಸರಾಯಿತು. ಸಿಯರ್ಸ್ ಸಂಸ್ಥೆ 1908ರಿಂದ 1940ರವರೆಗೆ ಅಂಚೆಯ ಮೂಲಕ ಮನೆಗಳನ್ನೇ ಮಾರಿತು. ಪುಸ್ತಕದಲ್ಲಿ ಚಿತ್ರ ನೋಡಿ ಹಣ ಕಳುಹಿಸಿದರೆ ನಕ್ಷೆ, ಮರ, ಮೊಳೆ, ಬಾಗಿಲು, ಕಿಟಕಿ ಎಲ್ಲವೂ ರೈಲಿನಲ್ಲಿ ಬರುತ್ತಿದ್ದವು. ಹೀಗೆ ಮಾರಿದ ಮನೆಗಳು ಸುಮಾರು 70,000 ಎಂಬ ಅಂದಾಜಿದೆ. ಅವುಗಳಲ್ಲಿ ಬಂಗಲೆಗಳಿಗೆ ಬಹಳ ಬೇಡಿಕೆ. ಪ್ಯಾಸಡೀನಾದಲ್ಲಿ ಇಂಥ ನೂರಾರು ಸಣ್ಣ ಮನೆಗಳು ಒತ್ತಾಗಿರುವ ಬಡಾವಣೆಗೆ ಬಂಗಲೋ ಹೆವನ್, ಅಂದರೆ ಬಂಗಲೆಗಳ ಸ್ವರ್ಗ ಎಂದೇ ಹೆಸರು; 1989ರಲ್ಲಿ ಅದನ್ನು ಸಂರಕ್ಷಿತ ಬಡಾವಣೆಯೆಂದು ಘೋಷಿಸಿದರು.

ಆದ್ದರಿಂದಲೇ ಕ್ರಾಫ್ಟ್ಸ್‌ಮನ್ ಮನೆಯನ್ನು ಪ್ರಜಾಪ್ರಭುತ್ವದ ಮನೆ ಎಂದು ಹೊಗಳುವುದು ವಾಡಿಕೆ. ಸ್ಟಿಕ್ಲಿಯ ಕಾಲದಿಂದಲೂ ಈ ಹೊಗಳಿಕೆ ನಡೆದು ಬಂದಿದೆ. ಸರಳ ಜೀವನ, ಪ್ರಾಮಾಣಿಕ ವಸ್ತು, ಎಲ್ಲರಿಗೂ ಒಂದು ಬೆಚ್ಚನೆಯ ಒಲೆ. ಒಳ್ಳೆಯದು. ಆದರೆ ಎಲ್ಲರಿಗೂ ಎಂದರೆ ಯಾರಿಗೆ?

1913ರಲ್ಲಿ, ಗ್ಯಾಂಬಲ್ ಮನೆ ಮುಗಿದು ನಾಲ್ಕೇ ವರ್ಷಗಳಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯ ಒಂದು ಭೂಕಾಯಿದೆ ಮಾಡಿತು. ಅಮೆರಿಕದ ಪೌರತ್ವ ಪಡೆಯಲು ಅರ್ಹರಲ್ಲದ ಪರದೇಶೀಯರು ಅಲ್ಲಿ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಕಾಯಿದೆಯಲ್ಲಿ ಜಪಾನ್ ಎಂಬ ಹೆಸರಿಲ್ಲ, ಆದರೆ ಗುರಿ ಜಪಾನಿಯರೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಜಪಾನಿನ ಸೂರು ಬೇಕು, ಜಪಾನಿನ ಕೀಲು ಬೇಕು, ಜಪಾನಿನ ದೀಪ ಬೇಕು, ಜಪಾನಿಯ ಹೆಸರಿನಲ್ಲಿ ಜಮೀನು ಮಾತ್ರ ಬೇಡ! ಆ ಕಾಯಿದೆಯನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅಸಿಂಧುವೆಂದು ಸಾರಿದ್ದು 1952ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟರ ಆಜ್ಞೆ ಹೊರಟಿತು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಗಳಿಂದೆಬ್ಬಿಸಿ ಶಿಬಿರಗಳಿಗೆ ಅಟ್ಟಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಪ್ಯಾಸಡೀನಾದ ನೆರೆಯ ಸಾಂಟಾ ಅನಿಟಾ ಕುದುರೆ ಪಂದ್ಯದ ಮೈದಾನವೂ ಒಂದು ಶಿಬಿರವಾಯಿತು. ಅಲ್ಲಿ ಅನೇಕ ಕುಟುಂಬಗಳು ಕುದುರೆ ಲಾಯಗಳಲ್ಲಿ ವಾಸ ಮಾಡಬೇಕಾಯಿತು. ಜಪಾನಿನ ಬಡಗಿಯಿಂದ ಕಲಿತ ಸೂರಿನಿಂದ ಕೆಲವೇ ಮೈಲಿಗಳ ದೂರದಲ್ಲಿ!

ಇದು ಜಪಾನಿಯರ ಕಥೆ, ನಮಗೇನು ಎನ್ನಬೇಡಿ. ಬಂಗಲೆ ಎಂಬ ಪದವನ್ನು ಕೊಟ್ಟ ದೇಶದವರ ಕಥೆಯೂ ಇದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಥಿಂಡ್ ಅವರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲೇ ಇದ್ದವರು. ಪೌರತ್ವ ಹೋದ ಮೇಲೆ ಭೂಕಾಯಿದೆಯ ಬಾಗಿಲೂ ಮುಚ್ಚಿತು. ಪಂಜಾಬಿ ರೈತರು ತಾವು ಉತ್ತ ನೆಲವನ್ನು ಮಕ್ಕಳ ಹೆಸರಿನಲ್ಲೋ ನಂಬಿಕೆಯ ಅಮೆರಿಕನ್ನರ ಹೆಸರಿನಲ್ಲೋ ಇಟ್ಟು ಕಾಲ ಕಳೆಯಬೇಕಾಯಿತು. ಭಾರತೀಯರಿಗೆ ಪೌರತ್ವದ ದಾರಿ ತೆರೆದದ್ದು 1946ರ ಕಾಯಿದೆಯಿಂದ.

ವೈಷ್ಣೋ ದಾಸ್ ಬಾಗಾಯಿ ಎಂಬ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? 1915ರಲ್ಲಿ ಪತ್ನಿ ಕಲಾ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸಾನ್ ಫ್ರಾನ್ಸಿಸ್ಕೋಗೆ ಬಂದವರು. ಕೈಯಲ್ಲಿ ಹಣವಿತ್ತು, ಬಾಯಲ್ಲಿ ಇಂಗ್ಲಿಷಿತ್ತು. ಬರ್ಕ್ಲಿಯಲ್ಲಿ ಒಂದು ಮನೆ ಕೊಂಡು ಸಾಮಾನು ಸರಂಜಾಮು ಹೇರಿಕೊಂಡು ಹೋದಾಗ, ಅಕ್ಕಪಕ್ಕದವರು ಆ ಮನೆಗೆ ಬೀಗ ಜಡಿದು ಒಳಗೆ ಬಿಡಲಿಲ್ಲ. ತಾನು ಕೊಂಡ ಮನೆಯ ಜಗಲಿಯನ್ನು ತಾನೇ ಹತ್ತಲಾಗದೆ ಸಂಸಾರ ಹಿಂತಿರುಗಿತು. ಮುಂದೆ ಪಡೆದ ಪೌರತ್ವವನ್ನೂ ಥಿಂಡ್ ತೀರ್ಪಿನ ನಂತರ ಕಿತ್ತುಕೊಂಡರು. 1928ರಲ್ಲಿ ಬಾಗಾಯಿ ಆತ್ಮಹತ್ಯೆ ಮಾಡಿಕೊಂಡರು. ಕಲಾ ಬಾಗಾಯಿ ಎದೆಗುಂದದೆ ಮಕ್ಕಳನ್ನು ಬೆಳೆಸಿದರು. 2020ರಲ್ಲಿ ಬರ್ಕ್ಲಿ ನಗರ ಒಂದು ರಸ್ತೆಯ ತುಣುಕಿಗೆ ಆಕೆಯ ಹೆಸರಿಡಲು ನಿರ್ಧರಿಸಿತು. ಬೀಗ ಜಡಿದ ಊರೇ ಶತಮಾನದ ನಂತರ ಹೆಸರನ್ನಿಟ್ಟಿತು. ತಡವಾಯಿತು ನಿಜ, ಆದರೆ ಮನೆಯ ಚರಿತ್ರೆಯೆಂದರೆ ಒಳಗಿದ್ದವರದು ಮಾತ್ರವಲ್ಲ, ಹೊರಗೆ ನಿಲ್ಲಿಸಿದವರದೂ ಹೌದು ಎಂದು ಒಪ್ಪಿಕೊಂಡಂತಾಯಿತು.

ಕರಿಯರ ಪಾಡು ಇನ್ನೂ ಹಳೆಯದು. ಪ್ಯಾಸಡೀನಾದಲ್ಲೂ ಅಮೆರಿಕದ ಎಷ್ಟೋ ನಗರಗಳಲ್ಲೂ ಈ ಮನೆಯನ್ನು ಬಿಳಿಯರಲ್ಲದವರಿಗೆ ಮಾರಬಾರದು, ಬಾಡಿಗೆಗೆ ಕೊಡಬಾರದು ಎಂದು ಕ್ರಯಪತ್ರದಲ್ಲೇ ಷರತ್ತು ಬರೆದಿಡುತ್ತಿದ್ದರು. 1948ರಲ್ಲಿ ಸುಪ್ರೀಂ ಕೋರ್ಟು ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಬಾರದು ಎಂದಿತು. ಮನೆ ಮಾರಾಟದಲ್ಲಿ ವರ್ಣಭೇದವನ್ನು ಕೇಂದ್ರದ ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಲ್ಲಿಲ್ಲಿ ಬಾಗಿಲು ಮುಚ್ಚಿಸಿಕೊಂಡ ಅನೇಕ ಕರಿಯ ಕುಟುಂಬಗಳು ಪ್ಯಾಸಡೀನಾದ ನೆರೆಯ ಆಲ್ಟಡೀನಾದ ಪಶ್ಚಿಮ ಭಾಗದಲ್ಲಿ ಮನೆ ಕೊಂಡು, ಸಾಲ ತೀರಿಸಿ, ಮಕ್ಕಳು ಮೊಮ್ಮಕ್ಕಳಿಗೆ ಬಿಟ್ಟುಹೋದವು. 2025ರ ಜನವರಿಯಲ್ಲಿ ಈಟನ್ ಕಾಳ್ಗಿಚ್ಚು ಆಲ್ಟಡೀನಾವನ್ನು ನುಂಗಿತು. 9,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಭೂಪಟ ಪ್ರಕಾಶಕ ಆಂಡ್ರ್ಯೂ ಮೆಕ್ನಾಲಿಯ 1887ರ ಮಹಲು ಸುಟ್ಟುಹೋಯಿತು. ಕಾದಂಬರಿಕಾರ ಜೇನ್ ಗ್ರೇ ವಾಸಿಸಿದ್ದ ಮನೆ ಸುಟ್ಟುಹೋಯಿತು. ಹೆಸರಿಲ್ಲದವರ ನೂರಾರು ಬಂಗಲೆಗಳೂ ಸುಟ್ಟುಹೋದವು. ಮೊದಲ ಎರಡಕ್ಕೆ ಪುಸ್ತಕಗಳಲ್ಲಿ ಚಿತ್ರವಿದೆ, ವಿವರವಿದೆ. ಮೂರನೆಯದಕ್ಕೆ ಏನಿದೆ? ಅಲ್ಲಿ ಯಾರಿದ್ದರು, ಯಾವ ದುಡಿಮೆಯಿಂದ ಕಟ್ಟಿದರು, ಆ ಜಗಲಿಯಲ್ಲಿ ಯಾರು ಯಾರಿಗೆ ಓದು ಹೇಳಿಕೊಟ್ಟರು ಎಂಬುದನ್ನು ಬರೆದಿಟ್ಟಿದ್ದರೆ ಅದು ಉಳಿದಿದೆ. ಬರೆಯದಿದ್ದರೆ ಹೊಗೆಯೊಂದಿಗೆ ಹೋಗಿದೆ.

ಇಲ್ಲಿ ಕೆಲವರು ಆಕ್ಷೇಪ ಎತ್ತುತ್ತಾರೆ. "ಇವೆಲ್ಲ ರಾಜಕೀಯ ಸಾರ್, ನಾವು ಮರಗೆಲಸದ ಸೊಗಸನ್ನು ನೋಡಲು ಹೋದವರು, ಅದನ್ನೇಕೆ ಇದರೊಂದಿಗೆ ಬೆರೆಸುತ್ತೀರಿ?" ಬೆರೆಸುತ್ತಿರುವುದು ನಾನಲ್ಲ, ಮರವೇ ಬೆರೆಸಿಕೊಂಡು ಬಂದಿದೆ. ಗ್ಯಾಂಬಲ್ ಮನೆಯ ತೇಗ ಬರ್ಮಾದ್ದು. ಬರ್ಮಾದ ಕಾಡಿನಿಂದ ತೇಗ ಕಡಿಯುತ್ತಿದ್ದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿಗೆ ದೊರೆ ಥೀಬಾ ದಂಡ ವಿಧಿಸಿದ್ದನ್ನೇ ನೆಪಮಾಡಿಕೊಂಡು ಬ್ರಿಟಿಷರು 1885ರಲ್ಲಿ ಯುದ್ಧ ಹೂಡಿ ಆ ದೇಶವನ್ನೇ ನುಂಗಿದರು. ದೊರೆಯನ್ನು ನಮ್ಮ ರತ್ನಗಿರಿಗೆ ಗಡೀಪಾರು ಮಾಡಿದರು. ಅಲ್ಲಿಯೇ 1916ರಲ್ಲಿ ಆತ ತೀರಿಕೊಂಡ. ಆ ಬಾಗಿಲಿನ ಹೊಳಪನ್ನು ನೋಡುವಾಗ ಇದನ್ನೂ ತಿಳಿದಿರುವುದರಿಂದ ಸೊಗಸು ಕಡಿಮೆಯಾಗುವುದಿಲ್ಲ. ನೋಡುವ ಕಣ್ಣು ದೊಡ್ಡದಾಗುತ್ತದೆ, ಅಷ್ಟೆ. ವಾಸ್ತುಶಿಲ್ಪವೆಂದರೆ ಮೂಲತಃ ಬಾಗಿಲುಗಳ ಶಾಸ್ತ್ರ. ಯಾರು ಮುಂಬಾಗಿಲಿನಿಂದ ಬರಬೇಕು, ಯಾರು ಹಿಂಬಾಗಿಲಿನಿಂದ, ಯಾರು ಗೇಟಿನ ಬಳಿಯೇ ನಿಲ್ಲಬೇಕು ಎಂಬುದನ್ನು ನಕ್ಷೆಯ ಮೇಲೆ ಗೆರೆ ಎಳೆದು ಹೇಳುವ ವಿದ್ಯೆ ಅದು. ಆ ಗೆರೆಗಳನ್ನು ಓದದೆ ಮನೆಯನ್ನು ಓದಿದೆ ಎನ್ನುವುದು, ವ್ಯಾಕರಣ ಬಿಟ್ಟು ಅಕ್ಷರ ಮಾತ್ರ ಎಣಿಸಿದಂತೆ.

ಇನ್ನೊಂದು ದಿಕ್ಕಿನಿಂದಲೂ ಆಕ್ಷೇಪ ಬರುತ್ತದೆ. "ಹಾಗಾದರೆ ಸಾಬೂನಿನ ಸಾಹುಕಾರನ ಮನೆಯನ್ನು ಏಕೆ ಉಳಿಸಬೇಕು? ಬಿದ್ದುಹೋಗಲಿ." ಇದನ್ನೂ ನಾನು ಒಪ್ಪುವುದಿಲ್ಲ. ಆ ಮನೆಯನ್ನು ಕಟ್ಟಿದ್ದು ಸಾಹುಕಾರನ ಕೈಯಲ್ಲ. ಕಟ್ಟಡದ ಕೆಲಸವನ್ನು ವಹಿಸಿಕೊಂಡವರು ಸ್ವೀಡನ್ನಿನಿಂದ ವಲಸೆ ಬಂದ ಪೀಟರ್ ಹಾಲ್ ಮತ್ತು ಅವರ ಸೋದರ ಜಾನ್ ಹಾಲ್. ಮರಗೆಲಸದ ಆ ನಯ ಅವರ ಕಾರ್ಯಾಗಾರದ್ದು. ಅವರ ಕೈಕೆಳಗೆ ದುಡಿದವರಲ್ಲಿ ಹೆಚ್ಚಿನವರ ಹೆಸರನ್ನು ಪುಸ್ತಕಗಳು ಹೇಳುವುದಿಲ್ಲ. ಮನೆಯನ್ನು ಕೆಡವಿದರೆ ಸಾಹುಕಾರನಿಗೆ ನಷ್ಟವಿಲ್ಲ, ಅವನ ಹೆಸರು ಸಾಬೂನಿನ ಪೊಟ್ಟಣದ ಮೇಲಿದೆ. ನಷ್ಟವಾಗುವುದು ಬಡಗಿಗೆ. ಅವನ ಸಹಿ ಇರುವುದು ಆ ಕೀಲಿನಲ್ಲಿ ಮಾತ್ರ.

ಮನೆಯನ್ನು ಉಳಿಸುವುದೆಂದರೆ ಗಾಜಿನ ಪೆಟ್ಟಿಗೆಯಲ್ಲಿಡುವುದೂ ಅಲ್ಲ. ಗ್ಯಾಂಬಲ್ ಮನೆ ವಿಶ್ವವಿದ್ಯಾಲಯದ ಉಸ್ತುವಾರಿಯಲ್ಲಿದ್ದ ಕಾಲದಲ್ಲಿ ಪ್ರತಿ ವರ್ಷ ವಾಸ್ತುಶಿಲ್ಪದ ಇಬ್ಬರು ವಿದ್ಯಾರ್ಥಿಗಳು ಅಲ್ಲಿ ವಾಸ ಮಾಡುವ ಏರ್ಪಾಡಿತ್ತು. ಹಿಂದೆ ಸೇವಕರಿಗೆಂದು ಮಾಡಿದ್ದ ಕೋಣೆಗಳೇ ಅವರ ಕೋಣೆಗಳಾದವು. ಗ್ರೀನ್ ಸೋದರರು 1909ರಲ್ಲಿ ಬರ್ಕ್ಲಿಯಲ್ಲಿ ಮರದ ವ್ಯಾಪಾರಿ ಥಾರ್ಸನ್‌ಗಾಗಿ ವಿನ್ಯಾಸ ಮಾಡಿದ ಮನೆಯನ್ನು 1940ರ ದಶಕದ ಆರಂಭದಲ್ಲಿ ಕಾಲೇಜು ಹುಡುಗರ ಸಂಘವೊಂದು ಕೊಂಡಿತು. ಅಂದಿನಿಂದ ಅದು ವಿದ್ಯಾರ್ಥಿಗಳ ವಸತಿ. ಹುಡುಗರು ಇದ್ದ ಮನೆ ಉಳಿಯಿತು. ವಸ್ತುಗಳನ್ನು ಮಾತ್ರ ಪ್ರೀತಿಸಿದವರ ಕೈಗೆ ಸಿಕ್ಕ ಬ್ಲ್ಯಾಕರ್ ಮನೆ ಬರಿದಾಯಿತು. ಇದಕ್ಕಿಂತ ದೊಡ್ಡ ಪಾಠ ಬೇಕೆ?

ನನ್ನ ಶಿಷ್ಯ ಹೋಲಿಕೆ ತೆಗೆದದ್ದರಿಂದ ನಮ್ಮ ಕಡೆಯ ಮಾತನ್ನೂ ಎರಡು ವಾಕ್ಯ ಆಡಲೇಬೇಕು. ಮಲೆನಾಡಿನ ತೊಟ್ಟಿ ಮನೆಗಳ ಕಂಬ, ಬೋದಿಗೆ, ಹೆಬ್ಬಾಗಿಲುಗಳಿಗೆ ಈಗ ಬಹಳ ಬೆಲೆ. ಕೊಳ್ಳುವವರು ಊರೂರು ಅಲೆಯುತ್ತಾರೆ. ನಮ್ಮ ಮನೆತನದ ಮನೆಗೂ ಬಂದಿದ್ದಾರೆ, ಒಂದೊಂದು ಕಂಬಕ್ಕೂ ಬೇರೆ ಬೇರೆ ಬೆಲೆ ಹೇಳಿ ಹೋಗಿದ್ದಾರೆ. ಈ ಬರಹವನ್ನು ಓದುತ್ತಿರುವ ನನ್ನ ತಮ್ಮಂದಿರ ಮಕ್ಕಳಲ್ಲಿ ಇಬ್ಬರಿಗೆ ಆ ಬೆಲೆ ಸರಿಯೆನಿಸಿದೆ ಎಂಬುದು ನನಗೆ ಗೊತ್ತು. ಅವರಿಗೆ ನೇರವಾಗಿಯೇ ಹೇಳುತ್ತೇನೆ. ಕಂಬವನ್ನು ಬಿಡಿಯಾಗಿ ಮಾರುವುದು 1985ರಲ್ಲಿ ಬ್ಲ್ಯಾಕರ್ ಮನೆಯಲ್ಲಿ ನಡೆದದ್ದರ ಪುನರಾವರ್ತನೆ. ರೆಸಾರ್ಟಿನ ಊಟದ ಮನೆಯಲ್ಲಿ ನಿಂತ ಕಂಬ ಯಾವ ಮಾಡನ್ನೂ ಹೊರುವುದಿಲ್ಲ, ಯಾವ ಕಥೆಯನ್ನೂ ಹೇಳುವುದಿಲ್ಲ.

ಆದರೆ ಉಳಿಸಬೇಕೆನ್ನುವ ಉಳಿದವರಿಗೂ ಒಂದು ಮಾತಿದೆ. ಅಜ್ಜನ ಹೆಸರಿನ ಫಲಕ ಹಾಕಿಸಿ, ಕಂಬಕ್ಕೆ ಎಣ್ಣೆ ಬಳಿದು, ಚಿತ್ರ ತೆಗೆದು ಕಳುಹಿಸಿದರೆ ಮನೆ ಉಳಿದಂತಾಗಲಿಲ್ಲ. ಆ ಹೆಬ್ಬಾಗಿಲನ್ನು ದಾಟುವ ಹಕ್ಕು ಯಾರಿಗಿತ್ತು, ಯಾರಿಗಿರಲಿಲ್ಲ? ಗದ್ದೆಯಲ್ಲಿ ದುಡಿದವರು ಅಂಗಳದ ಯಾವ ಗೆರೆಯವರೆಗೆ ಬರುತ್ತಿದ್ದರು? ತಲೆ ಬೋಳಿಸಿಕೊಂಡು ಹಿತ್ತಿಲ ಕೋಣೆಯಲ್ಲಿ ಜೀವ ಸವೆಸಿದ ಸೋದರತ್ತೆಯರ ಹೆಸರು ನಿಮ್ಮ ವಂಶವೃಕ್ಷದಲ್ಲಿ ಎಲ್ಲಿದೆ? ಆ ಕಂಬಗಳನ್ನು ಕೆತ್ತಿದ ಆಚಾರಿಯ ಹೆಸರೇನು? ಬರ್ಕ್ಲಿಯವರು ಬಾಗಾಯಿಯ ಮನೆಗೆ ಜಡಿದ ಬೀಗವನ್ನು ಕಂಡು ನಮ್ಮ ರಕ್ತ ಕುದಿಯುತ್ತದೆ, ಕುದಿಯಬೇಕಾದದ್ದೇ. ಅದೇ ರಕ್ತ ನಮ್ಮ ಹೆಬ್ಬಾಗಿಲಿನ ಅಗುಳಿಯನ್ನು ಕಂಡಾಗ ತಣ್ಣಗಿರಕೂಡದು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು, ಮಾಡಲು ಸುಲಭವಲ್ಲ. ಅಮೆರಿಕದಲ್ಲಿ ಬಂಗಲೆ ಕೊಂಡಿರುವ ಶಿಷ್ಯರೇ, ನಿಮ್ಮ ಮನೆಯ ಹಳೆಯ ಕ್ರಯಪತ್ರವನ್ನು ತೆಗೆಸಿ ಓದಿ. ನಿಮ್ಮ ಬಣ್ಣದವರು ಅಲ್ಲಿ ಇರಬಾರದು ಎಂಬ ಸಾಲು ಅದರಲ್ಲಿದ್ದರೂ ಇರಬಹುದು. ಇದ್ದರೆ ಮಕ್ಕಳಿಗೆ ತೋರಿಸಿ. ಊರಿನಲ್ಲಿ ಮನೆ ಉಳ್ಳವರೇ, ಒಂದು ನೂರು ಪುಟದ ನೋಟ್ ಪುಸ್ತಕ ಕೊಳ್ಳಿ. ಆ ಮನೆಯಲ್ಲಿ ಹುಟ್ಟಿದವರು, ಸತ್ತವರು, ದುಡಿದವರು, ಹೊರಗೆ ನಿಂತವರು, ಎಲ್ಲರ ಹೆಸರನ್ನೂ, ಹೇಳಬಲ್ಲ ಹಿರಿಯರು ಇನ್ನೂ ಬದುಕಿರುವಾಗಲೇ ಬರೆದಿಡಿ. ಆ ಪುಸ್ತಕ ತುಂಬಿದ ಮೇಲೂ ಕಂಬವನ್ನು ಮಾರಬೇಕೆನಿಸಿದರೆ ಆಗ ಬಂದು ನನ್ನೊಡನೆ ವಾದಕ್ಕೆ ನಿಲ್ಲಿ. ಪುಸ್ತಕವನ್ನು ಜೊತೆಗೆ ತನ್ನಿ. ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಡುವ ಹಳೆಯ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ.